ಶೆಲ್ಫ್ ಮೇಲಿನ ಗೊಂಬೆಗೆ ಊರಿದೆ, ಮಾಡಿದವರಿಗೆ ಹೆಸರಿಲ್ವಾ?

ಇತ್ತೀಚೆಗೆ ವಿಡಿಯೋ ಮೀಟಿಂಗ್‌ಗಳಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಮಾತಾಡುವವರ ಬೆನ್ನ ಹಿಂದಿನ ಶೆಲ್ಫ್‌ನಲ್ಲಿ ಪುಸ್ತಕಗಳ ಪಕ್ಕ ಒಂದು ಗೊಂಬೆ ಇದ್ದೇ ಇರುತ್ತೆ. ಕೆಲವರದ್ದು ಹಲ್ಲು ಕಿರಿಯುವ ಲಬುಬು, ಕೆಲವರದ್ದು ಸಿನಿಮಾ ಹೀರೋ, ಇನ್ನು ಕೆಲವರದ್ದು ನಮ್ಮ ಚನ್ನಪಟ್ಟಣದ ಮರದ ಗೊಂಬೆ. ಮೂವತ್ತರ ಆಸುಪಾಸಿನ ನಾವು ಆಡೋದಕ್ಕಲ್ಲ, ಬರೀ ನೋಡೋದಕ್ಕೆ ಅಂತಲೇ ಗೊಂಬೆ ಕೊಳ್ತಿದ್ದೀವಿ.

ನನ್ನ ಅಮ್ಮನಿಗೆ ಇದು ತಮಾಷೆ. "ಮದುವೆ ಆಗೋ ವಯಸ್ಸಲ್ಲಿ ಗೊಂಬೆ ತಗೋತಾನೆ" ಅಂತ ನಗ್ತಾಳೆ. ಆದರೆ ಅವಳ ಶೋಕೇಸಿನಲ್ಲೇ ಇಪ್ಪತ್ತು ವರ್ಷದಿಂದ ತಲೆ ಅಲ್ಲಾಡಿಸುವ ಗೊಂಬೆಯೊಂದು ಕೂತಿದೆ. ಅದನ್ನು ಮುಟ್ಟೋಕೆ ನಮಗೆ ಯಾವತ್ತೂ ಬಿಟ್ಟಿಲ್ಲ!

ನಿಜ ಹೇಳಬೇಕೆಂದರೆ, ಗೊಂಬೆಯನ್ನು ಅಲಂಕಾರಕ್ಕೆ ಇಡೋದು ಇನ್‌ಸ್ಟಾಗ್ರಾಮ್ ಕಲಿಸಿದ ಚಟವಲ್ಲ. ಮೈಸೂರು ಸೀಮೆಯ ದಸರಾ ನೆನಪಿಸಿಕೊಳ್ಳಿ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ, ಅಂದರೆ ರಾಜ-ರಾಣಿಯ ಜೋಡಿ, ಮೇಲಿನ ಮೆಟ್ಟಿಲಲ್ಲಿ ಕೂರುತ್ತೆ. ಒಂಬತ್ತು ದಿನ ಆರತಿ, ಹಾಡು, ಗೊಂಬೆ ಬಾಗಿನ. ಆಮೇಲೆ ಹಳೇ ಪಂಚೆಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಗೆ. ನಮ್ಮ ಭಾಷೆಗೂ ಈ ವ್ಯತ್ಯಾಸ ಗೊತ್ತು. ಆಡೋದಕ್ಕೆ ಇರೋದು ಆಟಿಕೆ. ಗೊಂಬೆ ಹಾಗಲ್ಲ, ಅದನ್ನು ಆಡಿಸಬಹುದು, ಕೂರಿಸಲೂಬಹುದು.

ಹಾಗಾಗಿ ದೊಡ್ಡವರು ಗೊಂಬೆ ಇಟ್ಟುಕೊಳ್ಳಬಹುದಾ ಅನ್ನೋದು ನನಗೆ ಪ್ರಶ್ನೆಯೇ ಅಲ್ಲ. ನಿಜವಾದ ಪ್ರಶ್ನೆ ಕೇಳಿದ್ದು ಅಕ್ಕನ ಐದು ವರ್ಷದ ಮಗಳು. ನನ್ನ ಡೆಸ್ಕ್ ಮೇಲಿದ್ದ ಹಳದಿ-ಕೆಂಪು ಗೊಂಬೆಯನ್ನು ಕೈಗೆತ್ತಿಕೊಂಡು, "ಮಾಮ, ಇದನ್ನ ಯಾರು ಮಾಡಿದ್ದು?" ಅಂದಳು. "ಚನ್ನಪಟ್ಟಣದಲ್ಲಿ ಮಾಡ್ತಾರೆ ಪುಟ್ಟಾ" ಅಂದೆ. "ಊರಲ್ಲ ಮಾಮ, ಯಾರು?" ಗೊಂಬೆಯನ್ನು ತಲೆಕೆಳಗು ಮಾಡಿ ನೋಡಿದೆ. ಅಡಿಯಲ್ಲಿ ಬೆಲೆಯ ಸ್ಟಿಕ್ಕರ್ ಇತ್ತು, ಅಷ್ಟೇ.

ನಾವು ಆಫೀಸಿನಲ್ಲಿ ಬರೆಯುವ ಕೋಡ್‌ನಲ್ಲಿ ಪ್ರತಿ ಸಾಲನ್ನೂ ಯಾರು, ಯಾವ ದಿನ ಬರೆದರು ಅಂತ ದಾಖಲೆ ಇರುತ್ತೆ. ಒಂದು ಅಲ್ಪವಿರಾಮ ಬದಲಿಸಿದರೂ ಹೆಸರು ಸೇರುತ್ತೆ. ಕೈಯಿಂದ ಮಾಡಿದ ಗೊಂಬೆಗೆ ಅಷ್ಟೂ ಇಲ್ಲವಲ್ಲ ಅನ್ನಿಸಿ, ಒಂದು ಶನಿವಾರ ಚನ್ನಪಟ್ಟಣಕ್ಕೆ ಹೊರಟೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್.

ನಾನು ಹೋದ ಕಾರ್ಖಾನೆ ಅಂದರೆ ಮನೆ ಪಕ್ಕದ ಒಂದು ಶೀಟಿನ ಕೋಣೆ. ಮೂಲೆಯಲ್ಲಿ ಹಾಲೆ ಮರದ ತುಂಡುಗಳ ರಾಶಿ. ಬಿಳಿ ಬಣ್ಣದ, ಹಗುರಾದ, ಮೃದುವಾದ ಮರ ಇದು. ಪೂರ್ತಿ ಒಣಗೋ ತನಕ ಕಾಯಬೇಕು. ಒಣಗಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ತಲೆ, ಕುತ್ತಿಗೆ, ಹೊಟ್ಟೆ ಕೆತ್ತುತ್ತಾರೆ. ಅಳತೆಗೆ ಕಣ್ಣೇ ಆಧಾರ.

ಬಣ್ಣ ಹಚ್ಚುವುದನ್ನು ನೋಡೋದೇ ಒಂದು ಮಜಾ. ಬ್ರಷ್ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಕೇದಗೆ ಜಾತಿಯ ತಾಳೆ ಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿ ಥರ ಹೊಳಪು ಬರುತ್ತೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಬಳಸುವವರು ಇವತ್ತಿಗೂ ಇದ್ದಾರೆ.

ಈ ವಿದ್ಯೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತು ಅಂತ ಊರಲ್ಲಿ ಹೇಳ್ತಾರೆ. ಆಮೇಲೆ ಜಪಾನಿನ ಕಸುಬನ್ನು ಇಲ್ಲಿಗೆ ಒಗ್ಗಿಸಿದವರು ಅಂತ ಬವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಇಷ್ಟು ದೊಡ್ಡ ಪರಂಪರೆಯಲ್ಲಿ ನಮ್ಮಂಥವರಿಗೆ ಸಿಗುವ ಹೆಸರು ಅದೊಂದೇ. 2005-06ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಬಂತು, ಒಳ್ಳೆಯದೇ. ಆದರೆ ಆ ಮಾನ್ಯತೆ ಕಾಪಾಡೋದು ಊರಿನ ಹೆಸರನ್ನು. ಲೇತ್ ಮುಂದೆ ಕೂತವರ ಹೆಸರು ಅದರಲ್ಲಿ ಬರೋದಿಲ್ಲ.

ಹೆಸರು ಬರೆಯೋದು ಅಷ್ಟು ದೊಡ್ಡ ವಿಷಯನಾ ಅಂತ ಕೇಳಬಹುದು. ಜಪಾನಿನ ಕೊಕೇಶಿ ಗೊಂಬೆಯನ್ನೇ ನೋಡಿ. ಅದೂ ಲೇತ್‌ನಲ್ಲಿ ಕಡೆದ ಮರದ ಗೊಂಬೆ. ತೊಹೊಕು ಪ್ರದೇಶದ ಬಿಸಿನೀರಿನ ಬುಗ್ಗೆಗಳಿಗೆ ಬರುವ ಪ್ರವಾಸಿಗರಿಗೆ ಅಲ್ಲಿನ ಮರಗೆಲಸದವರು ಮಾರುತ್ತಿದ್ದ ಸರಳ ಆಟಿಕೆ. ಕಾಲಕ್ರಮೇಣ ದೊಡ್ಡವರು ಸಂಗ್ರಹಿಸೋಕೆ ಶುರು ಮಾಡಿದರು, ಮಗುವಿನ ಕೈಯಿಂದ ಅದು ಶೆಲ್ಫಿಗೆ ಏರಿತು. ಇವತ್ತು ಕೊಕೇಶಿಯನ್ನು ತಿರುಗಿಸಿದರೆ ಅಡಿಯಲ್ಲಿ ಮಾಡಿದವರ ಸಹಿ ಸಿಗುತ್ತೆ. ಸಂಗ್ರಹಕಾರರು ಇಂಥವರ ಗೊಂಬೆಯೇ ಬೇಕು ಅಂತ ಹುಡುಕಿಕೊಂಡು ಹೋಗ್ತಾರೆ.

ಡೆನ್ಮಾರ್ಕಿನಲ್ಲೂ ಹಾಗೇ. ಕೈ ಬೋಯೆಸೆನ್ ಅನ್ನುವ ವಿನ್ಯಾಸಕ 1951ರಲ್ಲಿ ಮಾಡಿದ ಮರದ ಕೋತಿ ಇವತ್ತಿಗೂ ಅವರ ಹೆಸರಿನಲ್ಲೇ ಮಾರಾಟವಾಗುತ್ತೆ. ಲಬುಬುವಿನ ಹಿಂದೆಯೂ ಕಾಸಿಂಗ್ ಲುಂಗ್ ಅನ್ನುವ ಕಲಾವಿದ ಇದ್ದಾರೆ, ಅಭಿಮಾನಿಗಳಿಗೆ ಅದು ಗೊತ್ತು. ಆಟಿಕೆ ಅಲಂಕಾರದ ವಸ್ತುವಾದಾಗ ಅದರ ಬೆಲೆ ಏರೋದು ಹೆಸರಿನಿಂದ. ನಮ್ಮಲ್ಲಿ ಬೆಲೆ ಮಾತ್ರ ಏರಿದೆ. ಪಾಲಿಶ್ ಮಾಡಿದ ಡಬ್ಬಿಯಲ್ಲಿ ಬ್ರ್ಯಾಂಡಿನ ಹೆಸರಿರುತ್ತೆ, ಕೆಲವೊಮ್ಮೆ ಡಿಸೈನ್ ಮಾಡಿದವರದ್ದೂ ಇರುತ್ತೆ. ನಾನು ನೋಡಿದ ಕೋಣೆಯಲ್ಲಿ ಕೂಲಿ ಮಾತ್ರ ಪೀಸ್ ಲೆಕ್ಕದಲ್ಲೇ ಇತ್ತು. ಹೆಸರು ಇಲ್ಲದ ಕೈಯನ್ನು ಇನ್ನೂ ಅಗ್ಗದ ಕೈ ಸುಲಭವಾಗಿ ಬದಲಿಸಬಹುದು. ಇಲ್ಲಿ ಇರೋ ಅಪಾಯ ಅದೇ.

ಇನ್ನೊಂದು ಪೆಟ್ಟು ರಸ್ತೆಯಿಂದ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಚನ್ನಪಟ್ಟಣ ಪಕ್ಕಕ್ಕೆ ಸರಿಯಿತು. ಮೊದಲು ಕಾಫಿಗೆ ಅಂತ ಕಾರು ನಿಲ್ಲಿಸಿ ಮಕ್ಕಳಿಗೊಂದು ಬುಗುರಿ ಕೊಳ್ಳುತ್ತಿದ್ದವರು ಈಗ ಊರಿನ ಬೋರ್ಡ್ ನೋಡಿಕೊಂಡು ಮುಂದೆ ಹೋಗ್ತಾರೆ. ಹಳೇ ರಸ್ತೆಯ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಡಿಮೆಯಾಗಿದ್ದಾರೆ. ಅಂದರೆ ಹುಡುಕಿಕೊಂಡು ಬರುವ, ಮನೆ ಅಲಂಕಾರಕ್ಕೆ ಅಂತ ಕೊಳ್ಳುವ ನಮ್ಮಂಥ ಗಿರಾಕಿಯೇ ಈಗ ಅವರಿಗೆ ಮುಖ್ಯ. ನಾವು ಹೇಗೆ ಕೊಳ್ತೀವಿ ಅನ್ನೋದರ ಮೇಲೆ ತುಂಬಾ ನಿಂತಿದೆ.

ಹಾಗಾದರೆ ಏನು ಮಾಡಬಹುದು? ನಾನು ಪಾಲಿಸುತ್ತಿರುವ ನಾಲ್ಕು ವಿಷಯ ಹೇಳ್ತೀನಿ.

ಒಂದು, ಮುಂದಿನ ಸಲ ಮೈಸೂರಿಗೆ ಹೋಗುವಾಗ ಹಳೇ ರಸ್ತೆ ಹಿಡಿಯಿರಿ. ಅರ್ಧ ಗಂಟೆ ಹೆಚ್ಚಾದರೂ ಪರವಾಗಿಲ್ಲ. ಅಲ್ಲಿಗೆ ಹೋಗೋಕೆ ಆಗದಿದ್ದರೆ ಸರ್ಕಾರದ ಕಾವೇರಿ ಮಳಿಗೆ ಇದೆ.

ಎರಡು, ಅರಗಿನ ಕೆಲಸವನ್ನು ಗುರುತಿಸೋದು ಕಲಿಯಿರಿ. ಅರಗಿನ ಹೊಳಪು ಮರದ ಸುತ್ತ ಸಮನಾಗಿ ಕೂತಿರುತ್ತೆ, ಬಣ್ಣದ ಪಟ್ಟೆಗಳು ಲೇತ್ ತಿರುಗಿದ ದಿಕ್ಕಿನಲ್ಲೇ ಇರುತ್ತವೆ, ಬ್ರಷ್ಷಿನ ಗೆರೆ ಕಾಣೋದಿಲ್ಲ.

ಮೂರು, ಅಲಂಕಾರಕ್ಕೆ ಇಟ್ಟರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ, ಗಿಡಮೂಲದ ಬಣ್ಣ ಮಸುಕಾಗುತ್ತೆ. ನೀರು ಹಾಕಿ ತೊಳೀಬೇಡಿ, ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಮಕ್ಕಳು ಬಂದಾಗ ಕೈಗೆ ಕೊಡಿ, ಅದು ಆಡಿದರೆ ಹಾಳಾಗುವ ವಸ್ತು ಅಲ್ಲ.

ನಾಲ್ಕನೆಯದೇ ಮುಖ್ಯ. "ಇದನ್ನ ಮಾಡಿದ್ದು ಯಾರು?" ಅಂತ ಅಂಗಡಿಯಲ್ಲಿ ಕೇಳಿ. ಆನ್‌ಲೈನ್‌ನಲ್ಲಿ ಕೊಂಡರೂ ಮಾರುವವರಿಗೆ ಒಂದು ಮೆಸೇಜ್ ಹಾಕಿ. ನಾನು ಹೋದಲ್ಲಿ ಆ ಹಿರಿಯರು ಮೊದಲು ನಕ್ಕರು, ಅಡಿಯಲ್ಲಿ ಹೆಸರು ಬರೆದುಕೊಡಿ ಅಂತ ತಮ್ಮನ್ನು ಯಾರೂ ಕೇಳಿರಲಿಲ್ಲ ಅಂದರು. ಆಮೇಲೆ ಕೈ ಒರೆಸಿಕೊಂಡು, ಪೆನ್ನು ತರಿಸಿ, ನಿಧಾನಕ್ಕೆ ಬರೆದರು. ಅಕ್ಷರ ಸ್ವಲ್ಪ ಸೊಟ್ಟ. ಪಕ್ಕದಲ್ಲಿದ್ದ ಅವರ ಸೊಸೆ ತಾನು ಕಡೆದ ಬುಗುರಿಯನ್ನೂ ಮುಂದಿಟ್ಟು, "ಇದಕ್ಕೂ ಬರೀಬೇಕಾ ಸಾರ್?" ಅಂದರು. ಬರೀಲೇಬೇಕು ಅಂದೆ.

ಹತ್ತು ಜನ ಕೇಳಿದರೆ ಅಂಗಡಿಯವರು ಬಾಯಲ್ಲಿ ಹೆಸರು ಹೇಳ್ತಾರೆ. ಸಾವಿರ ಜನ ಕೇಳಿದರೆ ಡಬ್ಬಿಯ ಮೇಲೆ ಅಚ್ಚು ಹಾಕಿಸ್ತಾರೆ.