ಆಡುವ ಸ್ಕೀಯೋ, ನುಗ್ಗುವ ಸ್ಕೀಯೋ?

ಹೊಸ ಹಿಮ ಸುರಿದ ಬೆಟ್ಟದಲ್ಲಿ ಬೆಳಗಿನ ಮೊದಲ ಇಳಿತಕ್ಕೆ ಅಗಲವಾದ ಯಾವ ಸ್ಕೀಯಾದರೂ ನಡೆದೀತು. ಯಾರೂ ತುಳಿಯದ ಇಳಿಜಾರು, ಮೊಣಕಾಲುದ್ದದ ಹಗುರ ಹಿಮ. ಅಲ್ಲಿ ದುಬಾರಿ ಸ್ಕೀಗೂ ಬಾಡಿಗೆಯ ಸ್ಕೀಗೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹತ್ತೂವರೆ, ಹನ್ನೊಂದರ ಹೊತ್ತಿಗೆ. ಅಷ್ಟರಲ್ಲಿ ಅದೇ ಇಳಿಜಾರಿನಲ್ಲಿ ಹತ್ತಾರು ಜನ ಇಳಿದಿರುತ್ತಾರೆ. ನುಣ್ಣಗಿದ್ದ ಹಿಮ ಅಡ್ಡಾದಿಡ್ಡಿಯಾಗಿ ಸೀಳಿ, ಒಂದೆಡೆ ಗುಡ್ಡೆ, ಇನ್ನೊಂದೆಡೆ ಗಟ್ಟಿ ನೆಲ, ನಡುವೆ ಬಿಸಿಲಿಗೆ ಒದ್ದೆಯಾದ ಹೆಂಟೆಗಳು. ಒಬ್ಬರ ಸ್ಕೀ ಆ ಗುಡ್ಡೆಗಳ ನೆತ್ತಿಯಿಂದ ನೆತ್ತಿಗೆ ಪುಟಿಯುತ್ತ ಹೋಗುತ್ತದೆ. ಇನ್ನೊಬ್ಬರದು ಗುಡ್ಡೆಗಳನ್ನು ಸೀಳಿಕೊಂಡು ನೇರವಾಗಿ ಸಾಗುತ್ತದೆ. ಎರಡೂ ಹಿಮದ ಪುಡಿಗೆಂದೇ ಮಾಡಿದ ಪೌಡರ್ ಸ್ಕೀಗಳು. ಅಗಲವೂ ಹೆಚ್ಚುಕಡಿಮೆ ಒಂದೇ. ಸ್ವಭಾವ ಮಾತ್ರ ಬೇರೆ ಬೇರೆ.

ಮೊದಲನೆಯದನ್ನು ಸ್ಕೀ ಲೋಕದಲ್ಲಿ ‘ಪ್ಲೇಫುಲ್’ ಎನ್ನುತ್ತಾರೆ, ಎರಡನೆಯದನ್ನು ‘ಚಾರ್ಜರ್’. ಕನ್ನಡದಲ್ಲಿ ಆಡುವ ಸ್ಕೀ, ನುಗ್ಗುವ ಸ್ಕೀ ಎಂದುಕೊಳ್ಳಬಹುದು. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಅಂಗಡಿಯ ಹಣೆಪಟ್ಟಿಯಲ್ಲಿ ಉತ್ತರವಿಲ್ಲ. ಅದು ಹನ್ನೊಂದು ಗಂಟೆಯ ಹಿಮದಲ್ಲಿದೆ, ಮತ್ತು ಸ್ಕೀ ತೊಟ್ಟವರು ಬೂಟಿನೊಳಗೆ ಹೇಗೆ ನಿಲ್ಲುತ್ತಾರೆ ಎಂಬುದರಲ್ಲಿದೆ.

ಇದು ಅರ್ಥವಾಗಲು ಸ್ಕೀ ಅಗಲವಾದ ಕಥೆಯಿಂದಲೇ ಶುರುಮಾಡಬೇಕು. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಕೊಡಗಿನ ತೆಕ್ಕಡ ಭವಾನಿ ಸ್ಪರ್ಧಿಸುವುದು ಕ್ರಾಸ್ ಕಂಟ್ರಿ ವಿಭಾಗದಲ್ಲಿ. ಹದಗೊಳಿಸಿದ ಜಾಡಿನಲ್ಲಿ ಓಡುವ ಆ ಸ್ಕೀಯ ಅಗಲ ಸುಮಾರು 44 ಮಿಲಿಮೀಟರ್, ಮೂರು ಬೆರಳಿನಷ್ಟೂ ಇಲ್ಲ. ಬೆಟ್ಟ ಇಳಿಯುವ ಸ್ಕೀಗಳು ಕೂಡ 1980ರ ದಶಕದವರೆಗೆ ಬೂಟಿನಡಿಯಲ್ಲಿ 70 ಮಿಲಿಮೀಟರ್ ದಾಟುತ್ತಿದ್ದದ್ದು ಅಪರೂಪ. ಅಂಥ ಹಲಗೆ ಹೊಸ ಹಿಮದಲ್ಲಿ ಮುಳುಗುತ್ತದೆ. ಮುಳುಗಿದ ಸ್ಕೀಯನ್ನು ಮೇಲೆತ್ತಿ ತಿರುಗಿಸಲು ತೊಡೆಯ ಬಲವೂ ಬೇಕು, ವರ್ಷಗಟ್ಟಲೆ ಪಳಗಿದ ಲಯವೂ ಬೇಕು. ಆ ದಶಕದ ಕೊನೆಗೆ ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ಎಂಜಿನಿಯರ್ ರೂಪರ್ಟ್ ಹೂಬರ್ ಒಂದು ಸ್ನೋಬೋರ್ಡನ್ನು ಉದ್ದಕ್ಕೆ ಸೀಳಿ ಎರಡು ಸ್ಕೀ ಮಾಡಿ ನೋಡಿದರು. ಅದರಿಂದ ಹುಟ್ಟಿದ ಅಗಲ ಸ್ಕೀಗಳು ‘ಫ್ಯಾಟ್ ಬಾಯ್’ ಎಂಬ ಹೆಸರಿನಿಂದ ಪ್ರಸಿದ್ಧವಾದವು. ನುರಿತವರು ಅವನ್ನು ವಯಸ್ಸಾದವರ ಊರುಗೋಲೆಂದು ಮೂಗು ಮುರಿದರು. ಕೆಲವೇ ವರ್ಷಗಳಲ್ಲಿ ಅದೇ ಜನ ಅವನ್ನು ತೊಟ್ಟು ಅಲಾಸ್ಕಾದ ಕಡಿದಾದ ಇಳಿಜಾರುಗಳಲ್ಲಿ ಹಿಂದೆಂದೂ ಕಾಣದ ವೇಗದಲ್ಲಿ ಇಳಿಯತೊಡಗಿದರು.

ಅಗಲ ಒಂದು ಹೆಜ್ಜೆ. ಎರಡನೆಯ ಹೆಜ್ಜೆ ಆಕಾರದ್ದು, ಅದನ್ನಿಟ್ಟವರು ಶೇನ್ ಮೆಕಾಂಕಿ. ಕೆನಡಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹೆಸರು ಮಾಡಿದ ಈ ಸ್ಕೀಪಟು 1996ರಲ್ಲಿ ಅರ್ಜೆಂಟೀನಾದ ಲಾಸ್ ಲೆನ್ಯಾಸ್‌ನ ಬಾರೊಂದರಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ಒಂದು ವಿಚಿತ್ರ ಸ್ಕೀಯ ಚಿತ್ರ ಬರೆದರು. ಅದುವರೆಗಿನ ಸ್ಕೀಗಳಿಗೆ ನಡುವಿನಲ್ಲಿ ಸಣ್ಣ ಕಮಾನಿತ್ತು. ನೆಲಕ್ಕಿಟ್ಟರೆ ತುದಿಗಳು ನೆಲ ಮುಟ್ಟುತ್ತಿದ್ದವು, ನಡು ಮೇಲೆದ್ದಿರುತ್ತಿತ್ತು. ಇದು ಕ್ಯಾಂಬರ್. ಮೆಕಾಂಕಿಯ ಚಿತ್ರದಲ್ಲಿ ಕಮಾನು ಉಲ್ಟಾ ಆಗಿತ್ತು: ನಡು ನೆಲದ ಮೇಲೆ, ಎರಡೂ ತುದಿ ಗಾಳಿಯಲ್ಲಿ. ಇದೇ ರಾಕರ್. ಹಿಮದ ಪುಡಿ ಗಟ್ಟಿ ನೆಲಕ್ಕಿಂತ ಹೆಚ್ಚಾಗಿ ನೀರಿನಂತೆ ವರ್ತಿಸುತ್ತದೆ, ಹಾಗಿದ್ದ ಮೇಲೆ ಸ್ಕೀಯ ಆಕಾರವನ್ನು ನೀರಿನಿಂದಲೇ ಕಲಿಯಬೇಕು ಎಂಬುದು ಅವರ ವಾದ. ಅದನ್ನು ತೋರಿಸಿಕೊಡಲು ಅಲಾಸ್ಕಾದ ಹಿಮದ ಮೇಲೆ ನೀರಿನ ಸ್ಕೀಗಳಲ್ಲೇ ಇಳಿದರು. 2002ರಲ್ಲಿ ವೊಲಾಂಟ್ ಕಂಪನಿ ಅವರ ಕಲ್ಪನೆಯನ್ನು ‘ಸ್ಪ್ಯಾಚುಲಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಡುವಿನ ಅಗಲ 125 ಮಿಲಿಮೀಟರ್. ಬೇರೆ ಸ್ಕೀಗಳಂತೆ ಸೊಂಟದಲ್ಲಿ ಸಣ್ಣಗಾಗದೆ ಅಲ್ಲೇ ಅತಿ ಅಗಲ. ಕೆಲ ವರ್ಷಗಳ ನಂತರ ಕೆ2 ಕಂಪನಿಗಾಗಿ ಅವರು ರೂಪಿಸಿದ ‘ಪಾಂಟೂನ್’ 130 ಮಿಲಿಮೀಟರಿಗೆ ಹೋಯಿತು. 2009ರ ಮಾರ್ಚ್‌ನಲ್ಲಿ ಇಟಲಿಯ ಡೊಲಮೈಟ್ಸ್ ಬೆಟ್ಟಗಳಲ್ಲಿ ಸ್ಕೀ ಮತ್ತು ಪ್ಯಾರಾಚೂಟ್ ಎರಡನ್ನೂ ಕೂಡಿಸಿದ ಜಿಗಿತವೊಂದರಲ್ಲಿ ಮೆಕಾಂಕಿ ತೀರಿಕೊಂಡರು. ಇಂದು ಮಾರಾಟವಾಗುವ ಪ್ರತಿಯೊಂದು ಪೌಡರ್ ಸ್ಕೀಯ ತುದಿ ಮೇಲೆ ಬಾಗಿದ್ದರೆ ಅದರಲ್ಲಿ ಅವರ ಪಾಲಿದೆ.

ಎಲ್ಲ ಪೌಡರ್ ಸ್ಕೀಗಳಲ್ಲೂ ರಾಕರ್ ಇದ್ದರೂ ಅದು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ, ಹಿಂಬದಿಯಲ್ಲೂ ಅಷ್ಟೇ ಇದೆಯೇ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಆಡುವ ಸ್ಕೀಯಲ್ಲಿ ಎರಡೂ ತುದಿ ಬೇಗನೆ, ಉದ್ದಕ್ಕೆ ಮೇಲೇಳುತ್ತವೆ. ಹಾಗಾಗಿ 185 ಸೆಂಟಿಮೀಟರ್ ಉದ್ದದ ಸ್ಕೀಯಲ್ಲಿ ಗಟ್ಟಿ ನೆಲವನ್ನು ಕಚ್ಚಿ ಹಿಡಿಯುವ ಅಂಚು ಅದಕ್ಕಿಂತ ತುಂಬಾ ಗಿಡ್ಡ. ಪಾದ ಸ್ವಲ್ಪ ಹೊರಳಿಸಿದರೂ ಸಾಕು, ಇದ್ದಲ್ಲೇ ತಿರುಗುತ್ತದೆ. ನುಗ್ಗುವ ಸ್ಕೀಯಲ್ಲಿ ಮುಖ್ಯವಾಗಿ ಮುಂದಿನ ತುದಿ ಬಾಗಿರುತ್ತದೆ; ಬಾಲ ಹೆಚ್ಚುಕಡಿಮೆ ನೇರ, ಗಡುಸು. ತುಂಗಭದ್ರೆಯಲ್ಲಿ ಹರಿಗೋಲಿಗೂ ಉದ್ದನೆಯ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯದು: ಒಂದು ಹುಟ್ಟು ತಾಕಿಸಿದರೆ ಗಿರ್ರನೆ ಸುತ್ತುತ್ತದೆ, ಇನ್ನೊಂದು ಹಿಡಿದ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ.

ಹೊಟ್ಟೆಯೊಳಗಿನ ಸರಕೂ ಬೇರೆ. ಬಹುತೇಕ ಸ್ಕೀಗಳ ತಿರುಳು ಮರವೇ. ನುಗ್ಗುವ ಸ್ಕೀಯಲ್ಲಿ ಮರದ ಮೇಲೂ ಕೆಳಗೂ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ ಕೂರಿಸುವುದು ರೂಢಿ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು ಇದ್ದರೂ ಆ ಹಾಳೆ ಎರಡು ಕೆಲಸ ಮಾಡುತ್ತದೆ: ತೂಕ ಕೂಡಿಸುತ್ತದೆ, ನಡುಕ ಹೀರುತ್ತದೆ. ವೇಗದಲ್ಲಿ ಹೆಂಟೆಗೆ ಬಡಿದಾಗ ಸ್ಕೀ ಪಕ್ಕಕ್ಕೆ ಸಿಡಿಯದಿರಲು ಇವೆರಡೂ ಬೇಕು. ಬ್ಲಿಝಾರ್ಡ್ ಕಂಪನಿ ಅಮೆರಿಕದ ಸ್ಕೀಪಟು ಆರ್ನೆ ಬ್ಯಾಕ್‌ಸ್ಟ್ರಾಮ್ ಅವರ ಜೊತೆ ಸೇರಿ ರೂಪಿಸಿದ ‘ಬೊಡೇಶಿಯಸ್’ನ ಮೊದಲ ಆವೃತ್ತಿ ಇಂಥದ್ದು: 118 ಮಿಲಿಮೀಟರ್ ಅಗಲ, ಎರಡು ಲೋಹದ ಹಾಳೆ. ಫೋಲ್ಕಲ್ ಕಂಪನಿಯ ‘ಕಟಾನ 108’ ಇಂದಿಗೂ ಲೋಹವನ್ನು ನೆಚ್ಚಿಕೊಂಡಿರುವ ಸ್ಕೀ.

ಎದುರು ದಡದಲ್ಲಿ ಅಟಾಮಿಕ್‌ನ ‘ಬೆಂಟ್ ಚೆಟ್ಲರ್ 120’ ಇದೆ. ಇದು ಸ್ಕೀಪಟು ಕ್ರಿಸ್ ಬೆಂಚೆಟ್ಲರ್ ಅವರ ಹೆಸರಿನ ಸ್ಕೀ. ಮೇಲ್ಮೈಯ ಬಣ್ಣದ ಚಿತ್ರಗಳೂ ಅವರ ಕೈಯವೇ. 120 ಮಿಲಿಮೀಟರ್ ಅಗಲವಿದ್ದರೂ ಲೋಹದ ಹಾಳೆ ಇಲ್ಲ, ಹಗುರ ಮರ. ಹಿಮದ ದಿಬ್ಬದಿಂದ ನೆಗೆದು, ಗಾಳಿಯಲ್ಲಿ ಸುತ್ತಿ, ಬೇಕಾದರೆ ಹಿಮ್ಮುಖವಾಗಿಯೇ ಇಳಿಯುವವರಿಗೆ ಮಾಡಿದ್ದು. ಲೈನ್ ಕಂಪನಿಗಾಗಿ ಸ್ಕೀಪಟು ಎರಿಕ್ ಪೊಲಾರ್ಡ್ ರೂಪಿಸಿದ ಸ್ಕೀಗಳದ್ದೂ, ಸ್ಕೀಪಟುಗಳಾದ ಜೆಪಿ ಓಕ್ಲೇರ್ ಮತ್ತು ಜುಲಿಯನ್ ರೆನಿಯೆ ಇಬ್ಬರ ಹೆಸರಿನ ಮೊದಲಕ್ಷರ ಹೊತ್ತ ಅರ್ಮಾಡಾ ಕಂಪನಿಯ ‘ಜೆಜೆ’ಯದ್ದೂ ಇದೇ ವಂಶ.

ಕೈಯಲ್ಲಿ ಎತ್ತಿದರೂ ಅಂತರ ಗೊತ್ತಾಗುತ್ತದೆ. 185 ಸೆಂಟಿಮೀಟರ್ ಉದ್ದದ ಆಡುವ ಸ್ಕೀ ಒಂದಕ್ಕೆ ಸುಮಾರು 1,800ರಿಂದ 2,000 ಗ್ರಾಂ ತೂಗಿದರೆ, ನುಗ್ಗುವ ಸ್ಕೀ 2,200 ಗ್ರಾಂ ದಾಟುವುದು ಸಾಮಾನ್ಯ.

ಅಂಗಡಿಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಳತೆಯಿದೆ: ಬೂಟು ಕೂರುವ ಜಾಗ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸ್ಕೀಯ ನಟ್ಟನಡುವಿನಿಂದ ಎಷ್ಟು ಹಿಂದಿದೆ ಎಂಬುದು ಸ್ಕೀಯ ಸ್ವಭಾವವನ್ನು ಅಗಲಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಆಡುವ ಸ್ಕೀಯಲ್ಲಿ ಅದು ನಡುವಿನಿಂದ ಎರಡರಿಂದ ಐದು ಸೆಂಟಿಮೀಟರ್ ಹಿಂದೆ. ನುಗ್ಗುವ ಸ್ಕೀಯಲ್ಲಿ ಎಂಟರಿಂದ ಹನ್ನೆರಡು. ನಡುವಿಗೆ ಹತ್ತಿರ ನಿಂತವರು ನೆಟ್ಟಗೆ, ಸಡಿಲವಾಗಿ ನಿಲ್ಲಬಹುದು. ಭಾರ ಎರಡೂ ಕಡೆ ಸಮ ಇರುತ್ತದೆ. ಹಿಂದೆ ನಿಂತವರ ಮುಂದೆ ಉದ್ದನೆಯ ಮೂತಿ ಚಾಚಿಕೊಂಡಿರುತ್ತದೆ. ಅದನ್ನು ಆಳಲು ಮೊಣಗಂಟಿನ ಕೆಳಗಿನ ಮುಂಗಾಲನ್ನು ಬೂಟಿನ ನಾಲಗೆಗೆ ಸದಾ ಒತ್ತಿಯೇ ಇರಬೇಕು. ಹೆದರಿ ಹಿಂದಕ್ಕೆ ವಾಲಿದ ಕ್ಷಣದಲ್ಲಿ ನುಗ್ಗುವ ಸ್ಕೀ ತನ್ನ ದಾರಿ ತಾನು ಹಿಡಿಯುತ್ತದೆ. ರೇಸಿನ ಗೇಟುಗಳ ನಡುವೆ ಬೆಳೆದವರಿಗೆ ಮುಂದೆ ಒತ್ತುವುದು ಮೈಗೂಡಿದ ಅಭ್ಯಾಸ. ಜಿಗಿತದ ಪಾರ್ಕುಗಳಲ್ಲಿ ಕಲಿತವರಿಗೆ ನೆಟ್ಟಗೆ ನಿಲ್ಲುವುದೇ ಸಹಜ. ಸ್ಕೀ ಆರಿಸುವ ಮುನ್ನ ತಾವು ಯಾವ ಬಗೆಯವರೆಂದು ಗೊತ್ತುಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಉಳಿದರ್ಧ ಹಿಮದ್ದು. ಎಲ್ಲ ಊರಿನ ಹಿಮವೂ ಒಂದೇ ಅಲ್ಲ. ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ಬೀಳುವ ಹೊಸ ಹಿಮ ನೂರು ಸೆಂಟಿಮೀಟರ್ ಇದ್ದರೆ ಕರಗಿದಾಗ ಸಿಗುವ ನೀರು ಸರಾಸರಿ ಎಂಟೊಂಬತ್ತು ಸೆಂಟಿಮೀಟರ್. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಅದು ಹನ್ನೆರಡರ ಸುತ್ತಮುತ್ತ. ಸಮುದ್ರದ ತೇವ ಹೊತ್ತ ಈ ಭಾರದ ಹಿಮಕ್ಕೆ ಅಲ್ಲಿಯವರು ‘ಸಿಯೆರಾ ಸಿಮೆಂಟ್’ ಎಂದೇ ಹೆಸರಿಟ್ಟಿದ್ದಾರೆ. ಅದು ಒಮ್ಮೆ ಸೀಳಿದರೆ ಗುಡ್ಡೆಗಳು ಬೇಗ ಬಿಗಿಯುತ್ತವೆ. ಹಗುರ ಸ್ಕೀ ಅಲ್ಲಿ ಸವಾರರನ್ನು ದಣಿಸುತ್ತದೆ. ಜಪಾನಿನ ಹೊಕ್ಕೈಡೊ ದ್ವೀಪದ ನಿಸೆಕೊದಲ್ಲಿ ಇನ್ನೊಂದು ಬಗೆ. ಸೈಬೀರಿಯಾದ ಚಳಿಗಾಳಿ ಜಪಾನ್ ಸಮುದ್ರ ದಾಟಿ ಬಂದು ದಿನಗಟ್ಟಲೆ ಒಣ, ಹಗುರ ಹಿಮ ಸುರಿಸುತ್ತದೆ. ಬೆಟ್ಟಗಳು ಅಷ್ಟೇನೂ ಕಡಿದಲ್ಲ, ಭೂರ್ಜ ಮರಗಳ ನಡುವೆ ನುಸುಳಿ ಇಳಿಯುವುದೇ ಅಲ್ಲಿನ ಸೊಗಸು. ಅಂಥಲ್ಲಿ ಲೋಹ ತುಂಬಿದ ಚಾರ್ಜರ್ ತೊಟ್ಟವರಿಗೆ ಅದು ಬೇಡುವ ವೇಗವೇ ಸಿಗುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ನಿಜವಾಗಿ ಎದುರಾಗುವ ಜಾಗ ಕಾಶ್ಮೀರದ ಗುಲ್ಮಾರ್ಗ್. ಸುಮಾರು 2,650 ಮೀಟರ್ ಎತ್ತರದ ಊರಿನಿಂದ ಕಾಂಗ್ಡೂರಿಗೆ ಮೊದಲ ಹಂತದ ಗೊಂಡೋಲಾ ಶುರುವಾದದ್ದು 1998ರಲ್ಲಿ; ಅಲ್ಲಿಂದ ಅಫರ್‌ವಟ್ ಬೆಟ್ಟದ ಹೆಗಲಿಗೆ ಏರಿಸುವ ಎರಡನೆಯ ಹಂತ 2005ರಲ್ಲಿ. ತುದಿಯ ನಿಲ್ದಾಣ ಹೆಚ್ಚುಕಡಿಮೆ 4,000 ಮೀಟರ್ ಎತ್ತರದಲ್ಲಿದೆ. ಮೇಲಿನ ಇಳಿಜಾರಿನ ಬಹುಭಾಗ ಯಂತ್ರ ಹಾಯಿಸಿ ಹದಗೊಳಿಸದ, ಬಿದ್ದಂತೆಯೇ ಇರುವ ಹಿಮ. ಯುರೋಪಿನ ದೊಡ್ಡ ಸ್ಕೀ ತಾಣಗಳಷ್ಟು ಜನಜಂಗುಳಿ ಇಲ್ಲದ್ದರಿಂದ ತುಳಿಯದ ಹಿಮ ಹೆಚ್ಚು ಹೊತ್ತು ಉಳಿಯುತ್ತದೆ. ಮೇಲಿನ ಬಯಲು ವಿಶಾಲ, ಗಾಳಿ ಜೋರು, ಹಿಮ ಕೆಲವೊಮ್ಮೆ ಗಾಳಿಗೆ ಬಿಗಿದು ತೊಗಟೆ ಕಟ್ಟಿರುತ್ತದೆ. ಅಲ್ಲಿ ತೂಕದ ಸ್ಕೀ ನೆಮ್ಮದಿ ಕೊಡುತ್ತದೆ. ಕೆಳಗೆ ಬಾಬಾ ರೇಶಿ, ತಂಗ್‌ಮರ್ಗ್ ಕಡೆಗೆ ಇಳಿದರೆ ಮರಗಳ ನಡುವಿನ ಇಕ್ಕಟ್ಟು ದಾರಿ. ಅಲ್ಲಿ ಚುರುಕಾಗಿ ಹೊರಳುವ ಸ್ಕೀಯೇ ಗೆಲ್ಲುತ್ತದೆ. ಒಂದೇ ಇಳಿತದಲ್ಲಿ ಎರಡೂ ಸಿಗುವುದರಿಂದ ಇಲ್ಲಿಗೆ 105ರಿಂದ 115 ಮಿಲಿಮೀಟರ್ ಅಗಲದ, ಎರಡರ ನಡುವಿನ ಸ್ವಭಾವದ ಸ್ಕೀ ಹೊಂದುತ್ತದೆ.

ಇಲ್ಲಿ ಸ್ಕೀಗಿಂತ ಮುಖ್ಯವಾದ ಮಾತೊಂದಿದೆ. ಅಫರ್‌ವಟ್ ಹಿಮಕುಸಿತದ ಬೆಟ್ಟ. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಗುಲ್ಮಾರ್ಗಿನ ಕುಸಿತಗಳಲ್ಲಿ ಜೀವ ಕಳೆದುಕೊಂಡರು. ಹಿಮದಡಿ ಸಿಕ್ಕವರನ್ನು ಹುಡುಕಲು ನೆರವಾಗುವ ಟ್ರಾನ್ಸ್‌ಸೀವರ್, ಸಲಿಕೆ, ಪ್ರೋಬ್ ಕೋಲು, ಜೊತೆಗೆ ಸ್ಥಳೀಯ ಗೈಡ್ ಇಲ್ಲದೆ ಸ್ಕೀ ತಾಣದ ಎಲ್ಲೆಯಾಚೆಯ ಇಳಿಜಾರಿಗೆ ಹೋಗಬಾರದು. ಸ್ಕೀಗೆ ಎತ್ತಿಟ್ಟ ಹಣದಲ್ಲಿ ಇವುಗಳ ಪಾಲನ್ನು ಮೊದಲು ತೆಗೆದಿಡಬೇಕು.

ಆಯ್ಕೆಯಲ್ಲಿ ಜನ ಎಡವುವುದು ಹೆಚ್ಚಾಗಿ ಆಸೆಯ ಕಾರಣಕ್ಕೆ. ಸಿನಿಮಾದಲ್ಲಿ ಅಲಾಸ್ಕಾದ ಬೆಟ್ಟವನ್ನು ನಾಲ್ಕೇ ತಿರುವಿನಲ್ಲಿ ಇಳಿಯುವವರನ್ನು ಕಂಡು, ವರ್ಷಕ್ಕೊಂದು ವಾರ ಸ್ಕೀ ಮಾಡುವವರು ಅದೇ ಗಡುಸು ಸ್ಕೀ ಕೊಳ್ಳುತ್ತಾರೆ. ವೇಗ ಬರುವತನಕ ಆ ಸ್ಕೀ ಬಾಗುವುದಿಲ್ಲ; ಬಾಗದ ಸ್ಕೀ ತಿರುಗುವುದಿಲ್ಲ; ಮಧ್ಯಾಹ್ನದ ಹೊತ್ತಿಗೆ ತೊಡೆ ಉರಿಯುತ್ತದೆ. ಮೈತೂಕ ಕಡಿಮೆ ಇರುವವರಿಗೆ, ಅದರಲ್ಲೂ ಅನೇಕ ಮಹಿಳೆಯರಿಗೆ ಈ ತೊಂದರೆ ಇಮ್ಮಡಿ. ತೊಂಬತ್ತು ಕಿಲೋ ತೂಗುವವರಿಗೆ ಹದವಾಗಿ ಬಾಗುವ ಸ್ಕೀ ಐವತ್ತೈದು ಕಿಲೋದವರಿಗೆ ಮರದ ತೊಲೆಯೇ ಸರಿ. ತದ್ವಿರುದ್ಧದ ತಪ್ಪೂ ಉಂಟು. ಭಾರದ ಮೈಕಟ್ಟಿನ, ವೇಗ ಇಷ್ಟಪಡುವ ನುರಿತವರು ಮೆದು ತುದಿಯ ಸ್ಕೀ ತೊಟ್ಟರೆ, ಸೀಳಿದ ಹಿಮದಲ್ಲಿ ಮೂತಿ ಪಟಪಟ ಬಡಿದುಕೊಳ್ಳುತ್ತದೆ, ನೆಗೆದು ಇಳಿದಾಗ ಬಾಲ ಕುಸಿದು ಹಿಂದಕ್ಕೆ ಬೀಳಿಸುತ್ತದೆ.

ಹಾಗೆಂದು ಆಟ ಬೇರೆ, ದೊಡ್ಡ ಬೆಟ್ಟ ಬೇರೆ ಎಂಬ ಗೋಡೆ ಈಗ ಗಟ್ಟಿಯಾಗಿ ಉಳಿದಿಲ್ಲ. ಜಿಗಿತ, ಸುತ್ತುಗಳಿಂದ ಹೆಸರಾದ ಫ್ರಾನ್ಸಿನ ಕ್ಯಾಂಡಿಡ್ ತೊವೆಕ್ಸ್ 2010ರಲ್ಲಿ ಫ್ರೀರೈಡ್ ವರ್ಲ್ಡ್ ಟೂರ್ ಗೆದ್ದರು. ಕಡಿದಾದ ಬಂಡೆಬೆಟ್ಟಗಳಲ್ಲಿ ನಡೆಯುವ ಆ ಸ್ಪರ್ಧೆಯಲ್ಲಿ ಆರಿಸಿದ ದಾರಿ, ಹಿಡಿತ, ಸಲೀಸುತನದ ಜೊತೆಗೆ ಜಿಗಿತದ ಸೊಗಸಿಗೂ ಅಂಕವಿದೆ. ತಯಾರಕರೂ ಅದೇ ದಿಕ್ಕಿನಲ್ಲಿ ನಡೆದರು. ಅಮೆರಿಕದ ರೀನೋ ನಗರದ ಮೊಮೆಂಟ್ ಕಂಪನಿಯ ‘ವೈಲ್ಡ್‌ಕ್ಯಾಟ್’, ಸಲೊಮಾನ್‌ನ 112 ಮಿಲಿಮೀಟರ್ ಅಗಲದ ‘ಕ್ಯೂಎಸ್‌ಟಿ ಬ್ಲ್ಯಾಂಕ್’ ಇಂಥ ನಡುದಾರಿಯವು: ತುದಿಗಳು ಆಡುತ್ತವೆ, ಬೂಟಿನಡಿಯ ಭಾಗ ಗಟ್ಟಿಯಾಗಿ ನಿಲ್ಲುತ್ತದೆ.

ಕೊಳ್ಳುವ ಮುನ್ನ ಎರಡೂ ಬಗೆಯನ್ನು ಒಂದೊಂದು ದಿನ ಬಾಡಿಗೆಗೆ ತೆಗೆದುಕೊಂಡು ನೋಡುವುದು ಒಳ್ಳೆಯದು. ನೋಡುವುದಿದ್ದರೆ ಬೆಳಗ್ಗೆಯಷ್ಟೇ ಅಲ್ಲ, ಊಟದ ಹೊತ್ತಿಗೆ ಮುಂಚಿನ ಸೀಳಿದ ಹಿಮದಲ್ಲೂ ನೋಡಬೇಕು. ಉದ್ದದ ವಿಷಯದಲ್ಲಿ, ರಾಕರ್ ಹೆಚ್ಚಿರುವ ಸ್ಕೀ ನೆಲದ ಮೇಲೆ ಗಿಡ್ಡವಾಗಿ ವರ್ತಿಸುವುದರಿಂದ ಮಾಮೂಲಿಗಿಂತ ಐದಾರು ಸೆಂಟಿಮೀಟರ್ ಉದ್ದದ್ದನ್ನು ಆರಿಸಬಹುದು. ಬಾಲ ನೇರವಿರುವ ಚಾರ್ಜರ್‌ನಲ್ಲಿ ಆ ಧೈರ್ಯ ಬೇಡ. ಈಗಾಗಲೇ ಕೊಂಡ ಸ್ಕೀ ಒಗ್ಗದಿದ್ದರೆ ಮಾರುವ ಮೊದಲು ಇನ್ನೊಂದು ದಾರಿಯಿದೆ. ಬಾಡಿಗೆ ಸ್ಕೀಗಳಲ್ಲಿರುವಂತೆ ಹಿಂದೆ ಮುಂದೆ ಜಾರಿಸಬಹುದಾದ ಬೈಂಡಿಂಗ್ ಇದ್ದರೆ, ಅದನ್ನು ಒಂದು ಸೆಂಟಿಮೀಟರ್ ಮುಂದಕ್ಕೋ ಹಿಂದಕ್ಕೋ ಸರಿಸಿ ಅರ್ಧ ದಿನ ಇಳಿದು ನೋಡಬಹುದು. ಮುಂದೆ ಸರಿಸಿದರೆ ಸ್ಕೀ ಚುರುಕಾಗಿ ತಿರುಗುತ್ತದೆ, ಹಿಂದೆ ಸರಿಸಿದರೆ ಮೂತಿ ಸುಲಭವಾಗಿ ತೇಲಿ ವೇಗದಲ್ಲಿ ಅಲುಗಾಟ ತಗ್ಗುತ್ತದೆ. ಸರಿಸಿದ ಮೇಲೆ ಬೈಂಡಿಂಗ್ ಬೂಟನ್ನು ಸರಿಯಾಗಿ ಹಿಡಿದು ಬಿಡುತ್ತದೆಯೇ ಎಂದು ಅಂಗಡಿಯ ತಂತ್ರಜ್ಞರಿಂದಲೇ ಪರೀಕ್ಷೆ ಮಾಡಿಸಬೇಕು.