ಬಿಯಾಸ್ ಕುಂಡದ ದಾರಿ, ಬಿಸಿಲೇರುವ ಮುನ್ನ

ಮನಾಲಿಯಿಂದ ಸೋಲಂಗ್ ದಾಟಿ ಧುಂಡಿಗೆ ಬಂದರೆ ಅಟಲ್ ಸುರಂಗದ ದಕ್ಷಿಣದ ಬಾಯಿ ಅಲ್ಲೇ ಹತ್ತಿರ. 2020ರಲ್ಲಿ ತೆರೆದ ಈ ಸುರಂಗದಿಂದಾಗಿ ಲಾಹೌಲ್‌ಗೆ ಹೋಗುವ ವಾಹನಗಳು 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಬೇಕಾಗಿಲ್ಲ. ನಮ್ಮ ದಾರಿ ಬೇರೆ. ಬಿಯಾಸ್ ನದಿಯ ಪಕ್ಕದಲ್ಲೇ ಪಶ್ಚಿಮಕ್ಕೆ ನಡೆದು, ಬಕರ್‌ಥಾಚ್ ಎಂಬ ಕುರಿಗಾಹಿಗಳ ಹುಲ್ಲುಗಾವಲು ದಾಟಿ, ಸುಮಾರು 3,700 ಮೀಟರ್ ಎತ್ತರದ ಬಿಯಾಸ್ ಕುಂಡ ಸೇರುವುದು. ಏಪ್ರಿಲ್ ತಿಂಗಳು, ಬೆಳಕು ಹರಿಯುವ ಮುಂಚಿನ ಹೊತ್ತು.

ಹೊರಡುವ ಮೊದಲು ಗೈಡ್ ಭಾಯಿ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಎದ್ದಾಗ ನಕ್ಷತ್ರ ಕಂಡವಾ, ಸರ್?"

ವಸಂತದ ಹಿಮಕುಸಿತ ಈ ಪ್ರಶ್ನೆಯಲ್ಲೇ ಅಡಗಿದೆ. ಹಗಲಿನ ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಒಳಕ್ಕಿಳಿಯುತ್ತದೆ, ಹರಳುಗಳ ನಡುವಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಶಾಖವೆಲ್ಲ ಮೇಲಕ್ಕೆ ಹೋಗಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಬೂಟು ಊರಿದರೆ ಅಚ್ಚೂ ಮೂಡದಷ್ಟು ಗಟ್ಟಿ. ಮೋಡ ಕವಿದ ರಾತ್ರಿ ಬೆಟ್ಟಕ್ಕೆ ಕಂಬಳಿ ಹೊದಿಸಿದಂತೆ. ಶಾಖ ಅಲ್ಲೇ ಉಳಿಯುತ್ತದೆ, ಹಿಮ ಹೆಪ್ಪುಗಟ್ಟುವುದೇ ಇಲ್ಲ. ಅಂಥ ಬೆಳಗ್ಗೆ ಹೊರಡಲೇಬಾರದು ಎನ್ನುವವನು ನಾನು.

ಧುಂಡಿ ಬಿಟ್ಟು ಸ್ವಲ್ಪ ದೂರಕ್ಕೇ ದಾರಿಗೆ ಅಡ್ಡಲಾಗಿ ಹಳೆಯ ಕುಸಿತದ ರಾಶಿ. ಬಿಳಿ ಎಂದುಕೊಂಡು ಬಂದವರಿಗೆ ಇದು ಹಿಮವೆಂದೇ ಅನ್ನಿಸದು. ಮಣ್ಣು ಬೆರೆತು ಕಪ್ಪಾಗಿದೆ, ಬುಡಸಮೇತ ಕಿತ್ತುಬಂದ ಭೋಜಪತ್ರದ ಮರವೊಂದು ಅದರಲ್ಲಿ ಸಿಕ್ಕಿಕೊಂಡಿದೆ, ಸಿಪ್ಪೆ ಹಾಳೆಹಾಳೆಯಾಗಿ ಜೋತಾಡುತ್ತಿದೆ. ಐಸ್ ಆಕ್ಸ್ ಬೀಸಿದರೆ ಚೂರಷ್ಟೇ ಏಳುತ್ತದೆ. ಒದ್ದೆ ಹಿಮ ಚಳಿಗಾಲದ ಒಣ ಹಿಮದಷ್ಟು ವೇಗವಾಗಿ ಬರುವುದಿಲ್ಲ; ಆದರೆ ಭಾರ ಬಹಳ, ನಿಂತ ಕೂಡಲೇ ಬಿಗಿದುಕೊಳ್ಳುತ್ತದೆ. ಒಳಗೆ ಸಿಕ್ಕವರಿಗೆ ಕೈಬೆರಳು ಅಲ್ಲಾಡಿಸಲೂ ಆಗದು.

ಪೂರ್ತಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬಹುಪಾಲು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಆ ಆಸೆ ತೀರಾ ಕಡಿಮೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತ್ತು. ಅವರೂ ಉಳಿಯಲಿಲ್ಲ. ಹೊರಗಿನ ಸಹಾಯ ಬರುವ ತನಕ ಕಾಯುವ ಹೊತ್ತು ಇಲ್ಲಿ ಯಾರಿಗೂ ಇರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರ ಮೈಮೇಲೂ ಹೂತವರ ಜಾಗ ತೋರಿಸುವ ಟ್ರಾನ್ಸೀವರ್, ಚೀಲದಲ್ಲಿ ಸಲಿಕೆ ಮತ್ತು ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕಡ್ಡಿ ಇರಬೇಕು. ಚೀಲ ಹಗುರವಾಗಲಿ ಎಂದು ಇವನ್ನು ಬಿಟ್ಟುಬರುವ ತಂಡಗಳನ್ನು ಕಂಡರೆ ಎದೆ ಹಿಂಡುತ್ತದೆ.

ಬಕರ್‌ಥಾಚ್ ತಲುಪುವಷ್ಟರಲ್ಲಿ ಬಿಸಿಲು ಕಣಿವೆಯ ತುದಿಯ, ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಬಿದ್ದಿತ್ತು. ಮೊದಲು ಸಡಿಲವಾಗುವುದು ಅವೇ. ನಂತರ ದಕ್ಷಿಣದವು, ಮಧ್ಯಾಹ್ನ ಪಶ್ಚಿಮದವು. ಮೂವತ್ತರಿಂದ ನಲವತ್ತೈದು ಡಿಗ್ರಿ ವಾಲಿಕೆ ಎಲ್ಲಿದೆಯೋ ಅಲ್ಲಿಗೇ ಕಣ್ಣು ನೆಟ್ಟಿರಬೇಕು. ಕಪ್ಪು ಬಂಡೆಯೊಂದರ ಬುಡದಿಂದ ನಿಂಬೆಹಣ್ಣಿನ ಗಾತ್ರದ ಹಿಮದ ಉಂಡೆಗಳು ಉರುಳತೊಡಗಿದವು. ಇಳಿಯುತ್ತಾ ದಪ್ಪವಾಗಿ, ಹಿಂದೆ ಗೀರು ಬಿಡುತ್ತಾ ಬಂದವು. ಬೂಟು ಕಣಕಾಲಿನವರೆಗೆ ಹೂತಿತು. ಕುಂಡ ಇನ್ನೂ ಮೇಲಿತ್ತು. "ಇಷ್ಟೇ, ಸರ್" ಎಂದ ಭಾಯಿ. ಅಲ್ಲಿಂದಲೇ ಇಳಿದೆವು.

ಇಳಿಯುವ ದಾರಿಯಲ್ಲಿ ನಾಲೆಯ ಮೇಲಿನ ಹಿಮಸೇತುವೆ. ಬೆಳಗ್ಗೆ ಸಾಲಾಗಿ ದಾಟಿದ್ದ ಅದರ ಅಂಚಿನಿಂದ ಈಗ ನೀರು ತೊಟ್ಟಿಕ್ಕುತ್ತಿತ್ತು, ಅಡಿಯಲ್ಲಿ ಹೊಳೆಯ ಸದ್ದು ಜೋರಾಗಿತ್ತು. ಚೀಲದ ಸೊಂಟಪಟ್ಟಿ ಬಿಚ್ಚಿ, ಹಿಮ ಇನ್ನೂ ದಪ್ಪವಿದ್ದ ಮೇಲಿನ ಕಡೆಗೆ ಸುತ್ತಿ ಹೋಗಿ, ಒಬ್ಬರು ಪೂರ್ತಿ ದಾಟಿದ ಮೇಲಷ್ಟೇ ಇನ್ನೊಬ್ಬರು ಕಾಲಿಟ್ಟೆವು.