ಲಾಗಿನ್ ಒಂದೇ, ಕಾವಲು ಬಾಗಿಲಿಗೊಂದು

ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿಯ ತಹಶೀಲ್ದಾರ್ ಕಚೇರಿಗಳಿಗೂ ಬಂತು. ಅದರಲ್ಲೊಂದು ಜಾಣ ಏರ್ಪಾಡಿತ್ತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ‘ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಒತ್ತಿದ್ದಾರೆ’ ಎಂದು ನುಣುಚಿಕೊಳ್ಳಲು ಬರುತ್ತಿರಲಿಲ್ಲ.

ಆಮೇಲೆ ತಂತ್ರಾಂಶಗಳು ಹೆಚ್ಚಿದವು. ಸಂಬಳಕ್ಕೆ ಎಚ್‌ಆರ್‌ಎಂಎಸ್, ಬಿಲ್ಲಿಗೆ ಖಜಾನೆ-2, ನೋಂದಣಿಗೆ ಕಾವೇರಿ, ಕಡತಕ್ಕೆ ಇ-ಆಫೀಸ್. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್ ಎಂದರೆ ಅವು ಚೀಟಿಗೆ ಇಳಿದು ಮಾನಿಟರಿನ ಅಂಚಿಗೆ ಅಂಟುವುದು ಖಂಡಿತ. ಅದಕ್ಕಿಂತ ದೊಡ್ಡ ತೊಡಕು ವರ್ಗಾವಣೆಯದು. ರಾಯಬಾಗದಿಂದ ಅಥಣಿಗೆ ಹೋದವರ ಹೆಸರನ್ನು ಎಲ್ಲ ಕಡೆ ಹುಡುಕಿ ತೆಗೆಯಬೇಕು. ಒಂದರಲ್ಲಿ ಮರೆತರೂ ಹಳೆಯ ಅಧಿಕಾರ ಅವರ ಕೈಯಲ್ಲೇ ಉಳಿಯುತ್ತದೆ. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಒಡೆದು ಹೊಸ ತಾಲ್ಲೂಕಾದಂಥ ಹೊತ್ತಿನಲ್ಲಂತೂ ಈ ಕೆಲಸ ಒಮ್ಮೆಗೇ ಮೈಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರ ‘ಸಿಂಗಲ್ ಸೈನ್-ಆನ್’. ಗುರುತು ಕೇಳುವ ಕೆಲಸ ಒಂದೇ ಕೇಂದ್ರದ್ದು. ಅಲ್ಲಿ ಹೆಸರು ಅಳಿಸಿದರೆ ಎಲ್ಲ ಕಡೆಯೂ ಬಾಗಿಲು ಮುಚ್ಚಿತು. ಸರ್ಕಾರಿ ನೌಕರರಿಗಾಗಿ ಎನ್‌ಐಸಿಯ ‘ಪರಿಚಯ್’ ಇದೆ. ನಾಗರಿಕರಿಗಾಗಿ 2022ರ ಜುಲೈನಲ್ಲಿ ‘ಮೇರಿ ಪೆಹಚಾನ್’ ಬಂತು.

ಆದರೆ ಹಳೆಯ ತಂತ್ರಾಂಶ ಕೇಂದ್ರದ ಮಾತು ಕೇಳುವುದು ಹೇಗೆ? ಅದನ್ನು ಬರೆದವರು ಎಂದೋ ಕೆಲಸ ಬಿಟ್ಟಿರುತ್ತಾರೆ. ಹಾಗಾಗಿ ಅದರ ಕೋಡ್ ಮುಟ್ಟದೆ, ಅಪಾಚೆ ಅಥವಾ ಐಐಎಸ್‌ನಂಥ ವೆಬ್ ಸರ್ವರಿನೊಳಗೇ ‘ಏಜೆಂಟ್’ ಎಂಬ ಪುಟ್ಟ ಮಾಡ್ಯೂಲ್ ಕೂರಿಸುತ್ತಾರೆ. ನಿಪ್ಪಾಣಿ ಬಳಿಯ ಕೊಗನೊಳ್ಳಿ ಟೋಲ್ ನಾಕಾ ದಾಟಿದವರಿಗೆ ಇದು ಬೇಗ ತಿಳಿದೀತು. ಗಾಜಿಗೆ ಒಮ್ಮೆ ಅಂಟಿಸಿದ ಫಾಸ್ಟ್ಯಾಗ್ ಕೊಗನೊಳ್ಳಿಯಲ್ಲೂ ಮುಂದೆ ಹತ್ತರಗಿಯಲ್ಲೂ ನಡೆಯುತ್ತದೆ. ಪ್ರತಿ ನಾಕಾ ಅದನ್ನು ಓದಿ, ತಾಳೆ ನೋಡಿ ಗೇಟು ಎತ್ತುತ್ತದೆ. ಲಾಗಿನ್ ಆದಾಗ ಬ್ರೌಸರಿಗೆ ಸಿಗುವ ಕುಕೀಯೇ ಆ ಟ್ಯಾಗ್, ಏಜೆಂಟೇ ಆ ಗೇಟು. ಕುಕೀ ಇಲ್ಲದವರನ್ನು ಅದು ಲಾಗಿನ್ ಪುಟಕ್ಕೆ ಅಟ್ಟುತ್ತದೆ. ಇದ್ದವರ ಹೆಸರನ್ನು ‘ಹೆಡರ್’ ಎಂಬ ಸಾಲಿನಲ್ಲಿ ಬರೆದು ಹಿಂದಿನ ತಂತ್ರಾಂಶಕ್ಕೆ ದಾಟಿಸುತ್ತದೆ.

ಅಳವಡಿಸುವವರು ಎಡವುವುದು ಸಣ್ಣ ಸಾಲುಗಳಲ್ಲೇ. ಸಿಂಗಲ್ ಸೈನ್-ಆನ್ ತಂತ್ರಾಂಶಗಳಲ್ಲಿ ಹಳೆಯ ಹುಲಿ ಸೈಟ್‌ಮೈಂಡರ್. ಸರ್ವರನ್ನು ಕೇಂದ್ರದಲ್ಲಿ ನೋಂದಾಯಿಸಿ, ಮಾಡ್ಯೂಲ್ ಕೂರಿಸಿದ ಮೇಲೂ ಅದರ ಕಾನ್ಫಿಗ್ ಕಡತದಲ್ಲಿ ‘ಎನೇಬಲ್‌ವೆಬ್‌ಏಜೆಂಟ್’ ಎಂಬ ಸಾಲಿನ ಮುಂದೆ ‘ನೋ’ ಎಂದೇ ಇರುತ್ತದೆ. ಅದನ್ನು ‘ಯೆಸ್’ ಮಾಡದಿದ್ದರೆ ಏಜೆಂಟ್ ಇದ್ದೂ ಇಲ್ಲದಂತೆ. ಇನ್ನೊಂದು, ಗಡಿಯಾರ. ಎರಡು ಸರ್ವರುಗಳ ಗಡಿಯಾರದಲ್ಲಿ ಕೆಲವು ನಿಮಿಷ ಹೆಚ್ಚುಕಡಿಮೆಯಾದರೆ ಈಗಷ್ಟೇ ಕೊಟ್ಟ ಕುಕೀ ಅವಧಿ ಮುಗಿದಂತೆ ಕಾಣುತ್ತದೆ. ಬಳಕೆದಾರ ಲಾಗಿನ್ ಪುಟಕ್ಕೂ ತಂತ್ರಾಂಶಕ್ಕೂ ನಡುವೆ ಗಿರಕಿ ಹೊಡೆಯುತ್ತಾನೆ, ಕೊನೆಗೆ ಬ್ರೌಸರೇ ಕೈಚೆಲ್ಲುತ್ತದೆ. ತಪ್ಪು ಪಾಸ್‌ವರ್ಡಿನದೆಂದು ಎಲ್ಲರೂ ಅದನ್ನೇ ಬದಲಿಸುತ್ತ ಕೂರುತ್ತಾರೆ!

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದ್ದೇ ಅಪಾಯ. ಟೋಲ್ ಉಳಿಸುವವರು ಹಳ್ಳಿಯೊಳಗಿನ ದಾರಿ ಹಿಡಿಯುತ್ತಾರಲ್ಲ, ಇಲ್ಲೂ ಅಂಥದ್ದೊಂದಿದೆ. ಏಜೆಂಟ್ ಇರುವುದು ವೆಬ್ ಸರ್ವರಿನ 443ನೇ ಪೋರ್ಟಿನಲ್ಲಿ. ಹಿಂದಿರುವ ಟಾಮ್‌ಕ್ಯಾಟ್‌ನಂಥ ಸರ್ವರು ಸಾಮಾನ್ಯವಾಗಿ 8080ರಲ್ಲಿ ಕಿವಿಗೊಟ್ಟಿರುತ್ತದೆ. ಆ ಪೋರ್ಟು ಕಚೇರಿಯ ನೆಟ್‌ವರ್ಕಿಗೆ ತೆರೆದಿದ್ದರೆ ಯಾರು ಬೇಕಾದರೂ ನೇರವಾಗಿ ಹೋಗಿ, ಹೆಡರಿನಲ್ಲಿ ತಹಶೀಲ್ದಾರರ ಹೆಸರನ್ನು ತಾವೇ ಬರೆದುಕೊಳ್ಳಬಹುದು. ಬರೆದದ್ದು ಏಜೆಂಟೋ ಕಳ್ಳನೋ ಎಂದು ತಂತ್ರಾಂಶಕ್ಕೆ ತಿಳಿಯದು. ಆದ್ದರಿಂದ 8080 ಅನ್ನು ವೆಬ್ ಸರ್ವರ್ ಹೊರತು ಯಾರೂ ಮುಟ್ಟದಂತೆ ಫೈರ್‌ವಾಲ್ ಬಿಗಿಯಬೇಕು. ಹೊರಗಿನಿಂದ ಅದೇ ಹೆಸರಿನ ಹೆಡರ್ ಬಂದರೆ ಏಜೆಂಟ್ ಅದನ್ನು ಕಿತ್ತೆಸೆಯುವಂತೆಯೂ ಇರಬೇಕು.

ಪರೀಕ್ಷೆಗೆ ಐದು ನಿಮಿಷ ಸಾಕು. ಕಚೇರಿಯದೇ ಒಂದು ಲ್ಯಾಪ್‌ಟಾಪಿನಿಂದ, ಸುಳ್ಳು ಹೆಸರಿನ ಹೆಡರ್ ಹಾಕಿ, 8080ಕ್ಕೆ ಒಂದು ಕರ್ಲ್ ಕಮಾಂಡ್ ಕೊಡಿ. ಸಂಪರ್ಕ ಸಿಗದಿದ್ದರೆ ಸರಿ. ಪುಟ ತೆರೆದುಕೊಂಡರೆ ಆ ದಿನ ತಂತ್ರಾಂಶವನ್ನು ಜನರ ಬಳಕೆಗೆ ಬಿಡಬೇಡಿ.